ವಿಠ್ಠಲ ಆಚಾರಿಯ ಎಂಟರ ಲೆಕ್ಕ

ವಿಠ್ಠಲ ಆಚಾರಿಗೆ ಇದ್ದದ್ದು ಎಂಟು ಬೆರಳು. ಯಲ್ಲಾಪುರದ ಕಡೆ ಸಾಮಿಲ್ಲಿನಲ್ಲಿ ಕೆಲಸಕ್ಕಿದ್ದಾಗ ಎಡಗೈಯ ಎರಡು ಬೆರಳು ಗರಗಸಕ್ಕೆ ಹೋಗಿದ್ದವು. ಅಂದಿನಿಂದ ಅವರು ಎಂಟರಲ್ಲೇ ಎಣಿಸತೊಡಗಿದರು. ಏಳರ ನಂತರ ನೇರವಾಗಿ 10 ಬರೆಯುತ್ತಿದ್ದರು; ಅವರ 10 ನಮ್ಮ ಎಂಟು, ಅವರ 100 ನಮ್ಮ ಅರವತ್ತನಾಲ್ಕು. ನಿಲ್ಕುಂದದ ರಸ್ತೆಯಲ್ಲಿದ್ದ ತಮ್ಮ ಮರಗೆಲಸದ ಶೆಡ್ಡಿನಲ್ಲಿ ಹಲಗೆಗಳ ಮೇಲೆ ಇಂಚಿನ ಗುರುತು ಹಾಕುತ್ತಿದ್ದುದೂ ಹೀಗೆಯೇ.

ನನಗೆ ಇದು ಗೊತ್ತಿರಲಿಲ್ಲ. ಅಲ್ಲಿಯ ಹೈಸ್ಕೂಲಿಗೆ ಗಣಿತ ಕಲಿಸಲು ಹೊಸದಾಗಿ ಬಂದಿದ್ದೆ. ವರ್ಗಸಂಖ್ಯೆ ತೋರಿಸಲು ಮರದ ನೂರು ಚೌಕ ಬಿಲ್ಲೆ ಮಾಡಿಕೊಡಿ ಎಂದು ಅವರಿಗೆ ಹೇಳಿದ್ದೆ. ಅವರು ತಂದ ಡಬ್ಬಿಯ ಮೇಲೆ 144 ಎಂದು ಬರೆದಿತ್ತು. ಮಕ್ಕಳು ಎಣಿಸಿದರೆ ಸರಿಯಾಗಿ ನೂರು.

"ಎಣಿಸಲಿಕ್ಕೂ ಬರುವುದಿಲ್ಲವೇನ್ರಿ ನಿಮಗೆ?" ಎಂದುಬಿಟ್ಟೆ, ಇಡೀ ಕ್ಲಾಸಿನ ಎದುರು.

"ನನ್ನ ಲೆಕ್ಕಕ್ಕೆ ಸರಿ ಅದೆ ಅಕ್ಕೋರೇ," ಎಂದಷ್ಟೇ ಹೇಳಿ ಹೋದರು.

ಮರುದಿನ ಪಾಠದ ನಡುವೆಯೇ ಬಂದರು. ಚೀಲದಿಂದ ಒಂದು ಚೌಕ ಹಲಗೆ ತೆಗೆದರು. ಅದರಲ್ಲಿ ಉದ್ದಕ್ಕೆ ಎಂಟು, ಅಗಲಕ್ಕೆ ಎಂಟು ಮನೆಯ ಗೆರೆಗಳಿದ್ದವು. ಜೊತೆಗೆ ಎಂಟು ಮನೆಯ ನಾಲ್ಕು ಪಟ್ಟಿ, ಬಿಡಿ ತುಂಡು ನಾಲ್ಕು. ಹಲಗೆಯ ಬಲಕ್ಕೆ ಎರಡು ಪಟ್ಟಿ, ಕೆಳಗೆ ಎರಡು ಪಟ್ಟಿ, ಉಳಿದ ಮೂಲೆಗೆ ನಾಲ್ಕು ತುಂಡು ಜೋಡಿಸಿದರು. ಬದಿಗೆ ಹತ್ತು ಮನೆಯ ಪೂರ್ತಿ ಚೌಕವಾಯಿತು.

"ಒಂದು ಹಲಗೆ, ನಾಲ್ಕು ಪಟ್ಟಿ, ನಾಲ್ಕು ತುಂಡು. ನಿಮ್ಮ ನೂರು, ನನ್ನ 144. ನಿಮ್ಮ ಪುಸ್ತಕದ 144 ಹನ್ನೆರಡರ ಚೌಕ, ಅಲ್ದಾ? ಅದೂ ಚೌಕ, ಇದೂ ಚೌಕ. ಎಂತಕ್ಕೆ?"

ಸೂತ್ರ ಬರೆಯಲು ನಾನು ಸೀಮೆಸುಣ್ಣ ಎತ್ತಿಕೊಂಡೆ. ಅವರು ಕಾಯಲಿಲ್ಲ.

"ಪಟ್ಟಿ ಎಷ್ಟುದ್ದ ಬೇಕಾರೂ ಇರ್ಲಿ, ಹಲಗೆ ಅದಕ್ಕೆ ಸಮ ಇದ್ರಾಯ್ತು, ಯಾವಾಗ್ಲೂ ಹಿಂಗೇ ಕೂತ್ಕಳ್ತದೆ. ಬೆರಳು ಮಾತ್ರ ಐದಾದ್ರೂ ಬೇಕು. ನಾಲ್ಕೇ ಇದ್ರೆ ನಾಲ್ಕು ಅನ್ನೋ ಅಂಕಿನೇ ಇರೂದಿಲ್ಲ."

ಸೀಮೆಸುಣ್ಣ ಕೆಳಗಿಟ್ಟೆ. ನಿನ್ನೆ ತಪ್ಪಿದ್ದು ನಾನು ಎಂದು ಅದೇ ಮಕ್ಕಳ ಎದುರು ಹೇಳಿದೆ. "ಇರ್ಲಿ ಬಿಡಿ," ಎಂದು ಅವರು ಚೀಲ ಮಡಚಿದರು.

ಆಮೇಲೆ ಶೆಡ್ಡಿಗೆ ಹೋಗುವುದು ರೂಢಿಯಾಯಿತು. ಅಂಕಿಗಳನ್ನು ಕೂಡಿಸಿ ಒಂಬತ್ತರಿಂದ ಭಾಗವಾಗುವುದನ್ನು ನಾವು ಪರೀಕ್ಷಿಸುತ್ತೇವಲ್ಲ, ಅದನ್ನೊಮ್ಮೆ ವಿವರಿಸಿದೆ. ಉಳಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ಯೋಚಿಸಿದರು. "ನಿಮ್ಮಲ್ಲಿ ಒಂಬತ್ತು ಮಾಡೂ ಕೆಲ್ಸ ನನ್ನಲ್ಲಿ ಏಳು ಮಾಡ್ತದೆ," ಎಂದು ನಕ್ಕರು. ಅದು ನಿಜ.

ಹೋದ ವರ್ಷ ಅವರನ್ನು ಸಿರ್ಸಿಯ ಆಸ್ಪತ್ರೆಗೆ ಸೇರಿಸಿದ್ದರು. ಮನೆಗೆ ಬಂದ ಮೇಲೂ ನಾನು ಹೋಗಿ ನೋಡಲಿಲ್ಲ, ಪರೀಕ್ಷೆಯ ಕೆಲಸವಿತ್ತು. ಬೇಸಿಗೆ ರಜೆಯಲ್ಲಿ ತೀರಿಕೊಂಡರು.

ಜೂನ್‌ನಲ್ಲಿ ಅವರ ಹೆಂಡತಿ ಸಾವಿತ್ರಮ್ಮ ಹೇಳಿಕಳಿಸಿದರು. ಉಳಿದ ಕೆಲಸ ಮುಗಿಸಲು ಬಂದ ಬಡಗಿ ಹಲಗೆಯ ಮೇಲಿನ ಗುರುತು ನೋಡಿಯೇ ಕೊಯ್ದಿದ್ದ. ಕಿಟಕಿಯ ಬಾಗಿಲು ಚೌಕಟ್ಟಿಗಿಂತ ಉದ್ದವಾಗಿತ್ತು. ಶೆಡ್ಡಿಗೆ ಹೋಗಿ ಒಂದೊಂದೇ ಹಲಗೆ ತಿರುಗಿಸಿ, 32 ಎಂದಿದ್ದಲ್ಲಿ ಕೆಳಗೆ 26 ಎಂದು ಬರೆಯುತ್ತ ಬಂದೆ.

ಗೋಡೆಗೆ ಒರಗಿಸಿದ್ದ ಕೊನೆಯ ನಾಲ್ಕು ಹಲಗೆಗಳ ಮೇಲೆ 69 ಎಂದಿತ್ತು. ಎಂಟರ ಲೆಕ್ಕದಲ್ಲಿ ಒಂಬತ್ತು ಎಂಬ ಅಂಕಿಯೇ ಇಲ್ಲ; ಇದು ನಮ್ಮ ಹತ್ತರ ಲೆಕ್ಕ.

"ಇದಕ್ಕೆ ಯಾವಾಗ ಗುರುತು ಹಾಕಿದ್ದು?" ಎಂದು ಕೇಳಿದೆ.

"ಆಸ್ಪತ್ರೆಯಿಂದ ಬಂದ್ಮೇಲೆ," ಎಂದರು ಸಾವಿತ್ರಮ್ಮ. "ಕೊಯ್ಲಿಲ್ಲ. ಗುರುತು ಹಾಕಿ ಒರಗ್ಸಿಟ್ರು, ಅಷ್ಟೇ."

ಕೊಯ್ಯುವವರು ಬೇರೆಯವರೆಂದು ಆಚಾರಿಯವರಿಗೆ ಗೊತ್ತಿತ್ತು. ಆ ನಾಲ್ಕು ಹಲಗೆಗಳನ್ನು ನಾನು ಹಾಗೆಯೇ ಬಿಟ್ಟೆ.