ಅಳಿಸಬಾರದೆಂದಿದ್ದ ಗ್ರಾಫುಗಳು

ಇಂದಿರಾನಗರದ ನಮ್ಮ ಆಫೀಸಿನಲ್ಲಿ ಒಂದು ನಿಯಮವಿತ್ತು. ಮಾಡಿದವನು ನಾನೇ. ನೋಟ್‌ಬುಕ್ ಫೈಲಿನಲ್ಲಿ ಕೋಡ್ ಓಡಿಸಿದಾಗ ಅದರ ಕೆಳಗೇ ಮೂಡುವ ಗ್ರಾಫುಗಳನ್ನು ಯಾರೂ ಅಳಿಸಬಾರದು. ಜೀವನ್ ಬಿಮಾ ನಗರದ ಮನೆಯಲ್ಲಿ ಕಾಫಿ ಕುಡಿಯುತ್ತಾ ಫೋನಿನಲ್ಲಿ ನಾನು ಅವನ್ನಷ್ಟೇ ನೋಡುತ್ತಿದ್ದೆ. ಕೋಡ್ ಓದುವ ತಾಳ್ಮೆ ನನಗಿರಲಿಲ್ಲ.

ಮರ್ಫಿ ಟೌನಿನಿಂದ ನಡೆದೇ ಬರುತ್ತಿದ್ದ, ನನ್ನ ತಂಡದ ಸಹೋದ್ಯೋಗಿಯೊಬ್ಬಳ ನೋಟ್‌ಬುಕ್ ಫೈಲು ಎರಡೇ ತಿಂಗಳಲ್ಲಿ ಕೋಡ್ ಬರೆಯುವ ಎಡಿಟರಿನೊಳಗೆ ತೆವಳತೊಡಗಿತು. ಒಂದಕ್ಷರ ಒತ್ತಿ, ಅದು ಪರದೆಯ ಮೇಲೆ ಕಾಣುವವರೆಗೆ ಅವಳು ಕೈಕಟ್ಟಿ ಕೂರಬೇಕಿತ್ತು.

“ಸರ್, ಔಟ್‌ಪುಟ್ ಗ್ರಾಫೆಲ್ಲ ಒಂದ್ಸಲ ಕ್ಲಿಯರ್ ಮಾಡ್ಲಾ?” ಎಂದು ಕೇಳಿದಳು.

“ಅದನ್ನ ಮುಟ್ಬೇಡಿ. ಮೊದ್ಲು ಕೋಡ್ ನೆಟ್ಟಗೆ ಬರೀರಿ,” ಎಂದು ಎಲ್ಲರೆದುರೇ ರೇಗಿದೆ.

ಸರಿಯಾಗಿಯೇ ಇದ್ದ ಕೋಡನ್ನು ಅವಳು ಮೂರು ವಾರ ಕೂತು ಮತ್ತೆ ಬರೆದಳು. ಆಮೇಲೆ ಬೇರೆ ತಂಡ ಕೇಳಿಕೊಂಡು ಹೋದಳು.

ಅವಳ ಕೆಲಸ ನನ್ನ ತಲೆಗೆ ಬಂತು. ನನ್ನ ಹೊಸ ಲ್ಯಾಪ್‌ಟಾಪಿನಲ್ಲೂ ಆ ಫೈಲು ಏದುಸಿರು ಬಿಟ್ಟಿತು. ನಾನು ಉಳಿಸಿಕೊಳ್ಳಲು ಹೇಳಿದ್ದ ನೂರಾರು ಗ್ರಾಫುಗಳು ಒಳಗೆ ರಾಶಿ ಬಿದ್ದಿದ್ದವು. ಒಂದು ಬಟನ್ ಒತ್ತಿ ಎಲ್ಲವನ್ನೂ ಅಳಿಸಿದೆ. ಫೈಲು ಸಲೀಸಾಗಿ ಓಡಿತು.

ಆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳು ಎದುರಾದಳು.

“ಆ ಫೈಲು ಇನ್ನೂ ಸ್ಲೋನಾ ಸರ್?”

“ಇಲ್ಲ. ನೀವು ಮತ್ತೆ ಬರೆದಿದ್ರಲ್ಲ, ಸರಿಹೋಯ್ತು,” ಎಂದೆ. ಅವಳನ್ನು ಹೊಗಳುತ್ತಿದ್ದೇನೆ ಎಂದುಕೊಂಡಿದ್ದೆ.

ಅವಳ ಮುಖ ಸಣ್ಣಗಾಯಿತು. “ಹಾಗಾದ್ರೆ ನೀವು ಹೇಳಿದ್ದೇ ಸರಿ. ನನ್ ಕೋಡೇ ಚೆನ್ನಾಗಿರ್ಲಿಲ್ಲ,” ಎಂದಳು.

ನಾನು ಹೌದೆಂಬಂತೆ ತಲೆಯಾಡಿಸಿದೆ.