ಪೂಜೆಗೆ ಮುಂಚಿನ ಎರಡು ಗಂಟೆ

ಗುರುಪಾದಪ್ಪನವರ ಅಣ್ಣ ಸಿದ್ದಪ್ಪನವರು ತೀರಿಕೊಂಡಾಗ ಅವರಿಗೆ ನಲವತ್ತೆಂಟು ವರ್ಷ ನಾಲ್ಕು ತಿಂಗಳು. ನೂರು ಕಿಲೋ ಜೋಳದ ಚೀಲವನ್ನು ಹಮಾಲರನ್ನು ಕರೆಯದೆ ತಾವೇ ಬೆನ್ನಿಗೇರಿಸುತ್ತಿದ್ದ ಆಳು. ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಕುಸಿದರು. ಮೂರು ಗುಂಡಿ ಹಾಕಿಯಾಗಿತ್ತು.

ಇದು ಹನ್ನೊಂದು ವರ್ಷದ ಹಿಂದಿನ ಮಾತು. ಈ ವರ್ಷದ ಯುಗಾದಿಗೆ, ಆ ವಯಸ್ಸು ದಾಟಲು ಗುರುಪಾದಪ್ಪನವರಿಗೆ ಎಂಟು ತಿಂಗಳು ಉಳಿದಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಸೌಮ್ಯಾಗೆ ಮಾತ್ರ ಗೊತ್ತಿತ್ತು, ಅದೂ ಅವರು ಹೇಳಿದ್ದರಿಂದಲ್ಲ. ಕ್ಯಾಲೆಂಡರಿನಲ್ಲಿ ನವೆಂಬರಿನ ಒಂದು ತಾರೀಖಿನ ಕೆಳಗೆ ಪೆನ್ಸಿಲ್ಲಿನ ಚುಕ್ಕೆ ಇತ್ತು.

ಉಣಕಲ್ಲಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅಮರಗೋಳದ ಮಾರುಕಟ್ಟೆಯಲ್ಲಿ ಅವರದು ಹತ್ತಿಯ ದಲಾಲಿ ಅಂಗಡಿ. ಒಂದು ಚಿಟಿಕೆ ಹತ್ತಿಯನ್ನು ಎರಡು ಹೆಬ್ಬೆರಳ ನಡುವೆ ಎಳೆದು ನೋಡಿ ಎಳೆ ಎಷ್ಟು ಉದ್ದ ಎಂದು ಹೇಳುವವರು. ದಿನವಿಡೀ ಗಾದಿಯ ಮೇಲೆ ಕೂತು ಹೊಟ್ಟೆ ಬಂದಿತ್ತು. ಡಾಕ್ಟರು ಎದೆ ಪರೀಕ್ಷೆ ಮಾಡಿ, ಸದ್ಯಕ್ಕೆ ಏನೂ ಇಲ್ಲ, ತೂಕ ಇಳಿಸಿ ಎಂದಿದ್ದರು. ಆ ‘ಸದ್ಯಕ್ಕೆ’ ಅವರಲ್ಲಿ ನಟ್ಟು ಕೂತಿತು.

ಹತ್ತಿಯ ಹಂಗಾಮು ಮುಗಿದದ್ದೇ ಅವರು ಜಿಮ್ಮಿಗೆ ಸೇರಿದರು. ಫರ್ನಿಚರ್ ಅಂಗಡಿಯ ಮಾಳಿಗೆಯ ಮೇಲೆ ತಗಡಿನ ಪತ್ರಾಸು ಹೊದಿಸಿದ ಉದ್ದನೆಯ ಕೋಣೆ. ಅದನ್ನು ನಡೆಸುವವನು ಧಾರವಾಡದ ಹುಡುಗ ಅತುಲ. ಅವನು ಒಂದು ಹಾಳೆಯಲ್ಲಿ ಬರೆದುಕೊಟ್ಟ: ಮೂರು ದಿನ ತೂಕ ಎತ್ತುವುದು, ಎರಡು ದಿನ ಯಂತ್ರದ ಮೇಲೆ ಓಡುವುದು, ಎರಡು ದಿನ ಸುಮ್ಮನಿರುವುದು. ಒಂದೇ ದಿನ ಎರಡೂ ಮಾಡಲೇಬೇಕೆಂದರೆ ಮೊದಲು ತೂಕ, ಆಮೇಲೆ ಇಪ್ಪತ್ತು ನಿಮಿಷ ಬರೀ ನಡಿಗೆ.

ಗುರುಪಾದಪ್ಪನವರು ಹಾಳೆ ಮಡಚಿ ಕಿಸೆಗಿಟ್ಟುಕೊಂಡರು. “ಅತುಲಪ್ಪಾ, ನಮ್ಮ ಅಣ್ಣಗ ಬಲ ಇತ್ತು, ದಮ್ಮ ಇರಲಿಲ್ಲ. ನನಗ ಎರಡೂ ಬೇಕು. ಲಗೂ ಬೇಕು.”

“ಲಗೂ ಬೇಕಂದ್ರ ಆಗೂದಿಲ್ರಿ ಕಾಕಾ. ಮೈಗೆ ಪುರುಸೊತ್ತು ಕೊಡಬೇಕು.”

“ಪುರುಸೊತ್ತ ಎಲ್ಲೈತಿ?” ಎಂದು ನಕ್ಕರಂತೆ. ಆ ನಗು ತನಗೆ ಸೇರಲಿಲ್ಲ ಎಂದು ಅತುಲ ಆಮೇಲೆ ನನ್ನೆದುರು ಹೇಳಿದ.

ಹೀಗೆ ದಿನಾ ಆರಕ್ಕೆ ಹೋಗಿ ಒಂದು ಗಂಟೆ ತೂಕ, ಒಂದು ಗಂಟೆ ಓಟ. ಹಾಳೆಯಲ್ಲಿದ್ದ ಒಂದು ವಾರದ ಕೆಲಸವನ್ನು ಎರಡೂವರೆ ದಿನಕ್ಕೆ ತಂದರು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು, ಅದು ಯಾರ ಕಣ್ಣಿಗೂ ಕೆಟ್ಟದ್ದಾಗಿ ಕಾಣಲಿಲ್ಲ. ಎಂಟು ವರ್ಷದವರಿದ್ದಾಗ ಲಿಂಗ ಕಟ್ಟಿದ ದಿನದಿಂದ ಅವರು ಪೂಜೆಗೆ ಮುಂಚೆ ತೊಟ್ಟು ನೀರು ಬಾಯಿಗೆ ಹಾಕಿದವರಲ್ಲ. ಪೂಜೆಗೆ ಜಳಕ ಆಗಬೇಕು. ಜಿಮ್ಮಿನಿಂದ ಬೆವತು ಬಂದರೆ ಮತ್ತೆ ಜಳಕ ಆಗಬೇಕು. ನಮ್ಮ ಓಣಿಗೆ ನಳ ಬರುವುದು ಎಂಟು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಹತ್ತು ದಿನಕ್ಕೂ ಇಲ್ಲ. ಎರಡು ಜಳಕಕ್ಕೆ ನೀರೆಲ್ಲಿಯದು? ಆದ್ದರಿಂದ ಮೊದಲು ಜಿಮ್ಮು, ಆಮೇಲೆ ಒಂದೇ ಜಳಕ, ಆಮೇಲೆ ಪೂಜೆ, ಆಮೇಲೆ ನೀರು. ಅಷ್ಟು ಹೊತ್ತಿಗೆ ಒಂಬತ್ತು ದಾಟಿರುತ್ತಿತ್ತು.

ಅತುಲ ದಿನಾ ಕೇಳುತ್ತಿದ್ದ. “ಕಾಕಾ, ಒಂದ ಗುಟುಕು ಕುಡೀರಿ. ಇಲ್ಲಾ ಪೂಜಾ ಮುಗಿಸೇ ಬರ್ರಿ.”

“ಬಂದೇನು. ನಿನ್ನ ಜಿಮ್ಮಿನ್ಯಾಗ ಜಳಕಕ್ಕ ನೀರಿನ ಟಾಕಿ ಐತೇನ?”

“ಟಾಕಿ ಇದ್ದಿದ್ರ ನಾನs ಜಳಕಾ ಮಾಡ್ತಿದ್ನಿಲ್ರಿ, ಹಿಂಗ್ಯಾಕ ನಾರ್ತಿದ್ದೆ?”

ಇಬ್ಬರೂ ನಗುತ್ತಿದ್ದರು. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಏಪ್ರಿಲ್ ಕಳೆಯುವಷ್ಟರಲ್ಲಿ ಅವರ ಕೆನ್ನೆ ಒಳಸೇರಿತು. ಓಣಿಯವರು “ಏನ್ ಸಾವಕಾರ್ರ, ಮದಲಿಂಗ ಆಗಾಕ ಹೊಂಟೀರೇನು” ಎಂದು ಚೇಷ್ಟೆ ಮಾಡಿದರು. ಅವರಿಗೆ ಸಂತೋಷವಾಗುತ್ತಿತ್ತು. ಸೌಮ್ಯಾಗೆ ಆಗುತ್ತಿರಲಿಲ್ಲ. ಜಿಮ್ಮಿನಿಂದ ಬಂದವರ ತುಟಿ ಬೂದಿ ಬಳಿದಂತಿರುತ್ತಿತ್ತು. ಒಮ್ಮೆ ಅತ್ತೆಯ ಹತ್ತಿರ ಹೇಳಿಯೂ ನೋಡಿದಳು. ಬಾಳವ್ವ, “ಗಂಡಸು ಬೆವರಿದ್ರ ಛಲೋ ಆತು ಬಿಡ” ಎಂದಳು. ಒಬ್ಬ ಮಗನನ್ನು ಕಳೆದುಕೊಂಡಿದ್ದ ಆಕೆಗೂ ಇವನು ಗಟ್ಟಿಯಾಗುವುದು ಬೇಕಾಗಿತ್ತು.

ಮೇ ಎರಡನೆಯ ವಾರ ಅತುಲ ಸಂಬಂಧಿಕರ ಮದುವೆಗೆಂದು ಬೆಳಗಾವಿಗೆ ಹೋದ. ಕೀಲಿಯನ್ನು ಗುರುಪಾದಪ್ಪನವರಿಗೆ ಕೊಟ್ಟು, “ಕಾಕಾ, ಹಗೂರ ಮಾಡ್ರಿ” ಎಂದು ಹೇಳಿದ್ದ. ಆ ಸೋಮವಾರ ಅವರು ಹೆಗಲ ಮೇಲೆ ಕಬ್ಬಿಣದ ಸರಳು ಹೊತ್ತು ಬೈಠಕ್ ಹೊಡೆದರು. ಎಷ್ಟು ಹೊಡೆದರೋ ಅವರಿಗೇ ನೆನಪಿಲ್ಲ. ಬೇಡವೆನ್ನುವವರು ಇರಲಿಲ್ಲ. ಆಮೇಲೆ ಕಾದ ಪತ್ರಾಸಿನ ಕೆಳಗೆ ಒಂದು ಗಂಟೆಯ ಮೇಲೆ ಓಡಿದರು. ಮೆಟ್ಟಿಲನ್ನು ಕೂತು ಕೂತು ಇಳಿದರಂತೆ.

ಸಂಜೆಗೆ ತೊಡೆಗಳು ಹಲಗೆಯಂತೆ ಬಿಗಿದು ಉಬ್ಬಿದವು. ಅವರು ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡು, “ನೋಡ, ಹೆಂಗ ಗಟ್ಟಿ ಆಗೇತಿ” ಎಂದರು. ಔಷಧಿ ಅಂಗಡಿಯಿಂದ ನೋವಿನ ಗುಳಿಗೆ ತಂದು ಎರಡೆರಡು ನುಂಗಿದರು. ಮಂಗಳವಾರ ಮತ್ತೆ ಹೋದರು.

ಬುಧವಾರ ಬೆಳಿಗ್ಗೆ ಸೌಮ್ಯಾ ಬಚ್ಚಲಿನಿಂದ ಕೂಗಿದ್ದು ನನಗೆ ಗೋಡೆಯಾಚೆ ಕೇಳಿಸಿತು.

“ಏನ್ರೀ, ಇಲ್ಲೆ ಹಾಲಿಲ್ಲದ ಚಾ ಚೆಲ್ಲಿದಂಗ ಆಗೇತಿ. ಏನಿದು?”

“ಬೀಟ್‌ರೂಟ್ ತಿಂದಿದ್ದೆ.”

“ಎಲ್ಲೆ ತಿಂದ್ರಿ? ನಮ್ಮ ಮನಿಗೆ ಬೀಟ್‌ರೂಟ್ ಬಂದು ತಿಂಗಳಾತು.”

“ಅಂಗಡ್ಯಾಗ ಯಾರೋ ತಂದಿದ್ರು. ತಿನ್ನೂದೆಲ್ಲಾ ನಿನ್ನ ಕೇಳೇ ತಿನ್ನಬೇಕೇನ?”

“ನನ್ನ ಕೇಳಿ ತಿಂದಿದ್ರ ಹೊಟ್ಟಿ ಯಾಕ ಬರ್ತಿತ್ತು?”

ಅದು ಎರಡನೆಯ ದಿನ ಎಂದು ಅವರಿಗೆ ಗೊತ್ತಿತ್ತು. ಮಂಗಳವಾರವೂ ಮೂತ್ರ ಹಾಗೇ ಹೋಗಿತ್ತು, ನೀರು ಸುರುವಿ ತೊಳೆದು ಬಂದಿದ್ದರು. ಡಾಕ್ಟರ ಹತ್ತಿರ ಹೋದರೆ ಎಲ್ಲ ನಿಲ್ಲಿಸು ಅನ್ನುತ್ತಾರೆ, ನವೆಂಬರಿಗೆ ಆರೇ ತಿಂಗಳಿದೆ ಎಂಬ ಅಂಜಿಕೆ. ಸಾವಿಗೆ ಅಂಜಿಯೇ ಅವರು ಬಾಯಿ ಮುಚ್ಚಿಕೊಂಡರು.

ಗುರುವಾರ ಮೂತ್ರ ಅಂಗೈ ತುಂಬುವಷ್ಟೇ ಬಂತು. ಶುಕ್ರವಾರ ಬರಲಿಲ್ಲ. ಮುಖ ಊದಿಕೊಂಡಿತು. ಅಂದು ಪೂಜೆಗೆ ಕೂತವರು ಓಕರಿಸುತ್ತ ಎದ್ದರು. ಸೌಮ್ಯಾ ಇನ್ನು ಕೇಳಲಿಲ್ಲ. ಆಟೋದ ಗುಲಾಬಸಾಬನನ್ನು ಕರೆಸಿ ಸತ್ತೂರಿನ ಕಡೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವರು ತಮ್ಮ ಬೆರಳನ್ನು ಮೊಣಕಾಲ ಕೆಳಗೆ ಒತ್ತಿ, ಬಿದ್ದ ಕುಳಿ ಏಳದಿರುವುದನ್ನು ನೋಡುತ್ತಿದ್ದರು.

ಡಾಕ್ಟರ್ ಮಂದಾಕಿನಿ ಎಂಬ ಹೆಣ್ಣುಮಗಳು ಸಾವಧಾನವಾಗಿ ತಿಳಿಸಿ ಹೇಳಿದಳು. ತೀರ ದಣಿದ ಮಾಂಸ ಒಳಗೇ ಒಡೆದಿದೆ. ಆ ಕಸ ರಕ್ತದಲ್ಲಿ ಹೋಗಿ ಮೂತ್ರಪಿಂಡಗಳಲ್ಲಿ ಕಟ್ಟಿಕೊಂಡಿದೆ. ನೀರಿದ್ದರೆ ಬಹಳಷ್ಟು ತೊಳೆದು ಹೋಗುತ್ತಿತ್ತು. ನೋವಿನ ಗುಳಿಗೆ ಇನ್ನಷ್ಟು ಕೆಡಿಸಿದೆ.

“ಬಣ್ಣ ಕಂಡ ದಿನಾನೇ ಬಂದಿದ್ರ ಸಲೈನ್ ಹಾಕಿ ಉಳಿಸಾಕ ನೋಡಬಹುದಿತ್ರಿ. ಈಗ ಯಂತ್ರದಿಂದ ರಕ್ತ ತೊಳೀಬೇಕು. ಮೂತ್ರಪಿಂಡ ತಿರುಗಿ ಕೆಲಸ ಮಾಡಬಹುದು, ಮಾಡದೇನೂ ಇರಬಹುದು. ಮೂರು ತಿಂಗಳು ಕಾಯೂಣು.”

“ಎದಿ ಹೆಂಗೈತ್ರಿ?” ಎಂದು ಗುರುಪಾದಪ್ಪನವರು ಕೇಳಿದರು.

“ಎದಿ ಛಲೋ ಅದ,” ಎಂದಳು ಡಾಕ್ಟರು.

ಬಾಳವ್ವ ಮರುದಿನ ಬಂದಳು. ತಂಬಿಗೆಯಲ್ಲಿ ಮನೆಯ ನೀರು ತಂದಿದ್ದಳು. ನರ್ಸ್ ತಡೆದು, ಇಡೀ ದಿನಕ್ಕೆ ಎರಡು ಲೋಟದ ಮೇಲೆ ಕೊಡುವಂತಿಲ್ಲ, ಕುಡಿದ ನೀರಿಗೆ ಹೊರಹೋಗಲು ದಾರಿ ಇಲ್ಲ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದಳು. ಬಾಳವ್ವ ತಂಬಿಗೆಯನ್ನು ಮಂಚದ ಕೆಳಗೆ ಸರಿಸಿ ಕೂತಳು.

“ತಮ್ಮಾ, ಅಷ್ಟ ನೀರಡಿಕಿ ಆದಾಗ ಯಾಕ ಕುಡೀಲಿಲ್ಲೋ?”

“ಪೂಜಾ ಆಗಿರಲಿಲ್ಲಬೇ.”

“ಲಿಂಗ ಕೊರಳಾಗ ಇರ್ತೈತಿ. ಅದಕ್ಕ ತೋರಿಸಿ ಕುಡೀಬೇಕಪಾ. ಶಿರಗುಪ್ಪಿ ಹೊಲದಾಗ ಕಳೆ ತಗ್ಯಾಕ ನಸಿಕಿನ್ಯಾಗ ಹೋದಾಗೆಲ್ಲಾ ನಾ ಹಂಗs ಕುಡದೇನಿ.”

“ನೀ ಹಂಗ ಹೇಳಿಕೊಡಲಿಲ್ಲಲ್ಲ.”

“ನಿನಗ ಆಗ ಎಂಟ ವರ್ಷ. ಸಣ್ಣವ್ರಿಗೆ ಅರ್ಧಾನs ಹೇಳೂದು. ಉಳಿದದ್ದು ಕೇಳಿ ತಿಳ್ಕೋಬೇಕು.”

ಆಗ ಅವರು, ಸರಳು ಎದೆಗೆ ತಂದಾಗ ಬಡಿಯುತ್ತದೆಂದು ಲಿಂಗವನ್ನು ದೇವರ ಕೋಣೆಯಲ್ಲಿ ಬಿಚ್ಚಿಟ್ಟು ಹೋಗುತ್ತಿದ್ದೆ ಎಂದರು. ಬಾಳವ್ವ ಮಗನ ಮುಖ ನೋಡಿದಳು. ಬೈಯಲಿಲ್ಲ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಜೀವ ಹೋದರೂ ಅಂಗದಿಂದ ಲಿಂಗ ಅಗಲಬಾರದು ಎಂದು ನಂಬಿದ ಮನೆತನ ಅದು. ನಿಯಮದ ಕಠಿಣ ಭಾಗವನ್ನು ಹಿಡಿದು, ಕೊರಳಲ್ಲಿದ್ದ ಆಸರೆಯನ್ನು ಅವರೇ ಬಿಚ್ಚಿಟ್ಟಿದ್ದರು.

ಈಗ ಜುಲೈ ಮುಗಿಯುತ್ತಿದೆ. ಮನೆಗೆ ಬಂದಿದ್ದಾರೆ. ವಾರಕ್ಕೆ ಮೂರು ಸಲ ಗುಲಾಬಸಾಬನ ಆಟೋದಲ್ಲಿ ರಕ್ತ ತೊಳೆಸಿಕೊಳ್ಳಲು ಹೋಗುತ್ತಾರೆ. ಅತುಲ ಬಂದು ಬಾಗಿಲಲ್ಲಿ ನಿಂತು ಅತ್ತ. ಅವರೇ ಅವನನ್ನು ಸಮಾಧಾನ ಮಾಡಿದರು. ಮೂತ್ರ ಹೆಚ್ಚುತ್ತ ಹೋದರೆ ಮೂತ್ರಪಿಂಡ ಎಚ್ಚರಗೊಳ್ಳುತ್ತಿದೆ ಎಂದರ್ಥ, ಆದ್ದರಿಂದ ದಿನದ್ದನ್ನೆಲ್ಲ ಅಳೆದು ಬರೆದಿಡಲು ಡಾಕ್ಟರು ಹೇಳಿದ್ದಾರೆ. ಡಾಕ್ಟರು ಕೊಟ್ಟ ಮೂರು ತಿಂಗಳಲ್ಲಿ ಇನ್ನು ಎರಡೂವರೆ ವಾರ ಇದೆ. ನಾನು ವಿಭೂತಿ ಹಚ್ಚಿಕೊಳ್ಳುವಾಗ ಅವರ ಹೆಸರು ಹೇಳಿಕೊಳ್ಳುತ್ತೇನೆ.

ಇಂದು ಬೆಳಿಗ್ಗೆ ಮೊಸರು ಕೊಡಲು ಹೋದಾಗ ಸೌಮ್ಯಾ ಬಚ್ಚಲ ಬಾಗಿಲಲ್ಲಿ ಅಳತೆಯ ಪಾತ್ರೆಯನ್ನು ಬೆಳಕಿಗೆ ಹಿಡಿದು ನಿಂತಿದ್ದಳು. ಗೀಟು ನನಗೂ ಕಂಡಿತು. ಅರವತ್ತು. ಹೋದ ವಾರ ತೊಂಬತ್ತು ಇತ್ತು.

ಒಳಗಿನಿಂದ ದನಿ ಬಂತು. “ಸೌಮ್ಯಾ, ಎಷ್ಟಾತು ಇವತ್ತ?”

ಅವಳು ಪಾತ್ರೆ ಕೆಳಗಿಳಿಸಲಿಲ್ಲ. ನನ್ನ ಕಡೆಯೂ ನೋಡಲಿಲ್ಲ.

“ನೂರಾ ಹತ್ತು ಆಗೇತ್ರಿ,” ಎಂದಳು.