ಟರ್ಬೊ ಕೆಟ್ಟ ವಾರ, ವಂಡಿಯ ಚಾವಿ

ಕಾರ್ತಿಕದ ಎರಡನೆಯ ಬುಧವಾರ ಮಧ್ಯಾಹ್ನ, ಧಾರಾಪುರಂನ ಜವಳಿ ಅಂಗಡಿಗೆ ಸೀರೆಯ ಕಟ್ಟುಗಳನ್ನು ಇಳಿಸಿ ನಮ್ಮೂರು ನೆಗಮಂಗೆ ವಾಪಸು ಬರುತ್ತಿದ್ದೆ. ಗಾಳಿಯಂತ್ರಗಳ ಸಾಲು ಮುಗಿದು ರಸ್ತೆ ತುಸು ಏರುವಲ್ಲಿ ಬಾನೆಟ್ಟಿನೊಳಗಿಂದ ಸೀಟಿ ಊದಿದಂಥ ಸದ್ದು ಬಂತು. ಕಾಲು ಒತ್ತಿದಷ್ಟೂ ಸೀಟಿ ಜೋರಾಗುತ್ತಿತ್ತು, ವೇಗ ಮಾತ್ರ ಏರುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆಲ್ಲ ನೀಲಿ ಹೊಗೆ. ತೆಂಗಿನಕಾಯಿ ಲಾರಿಯವನೊಬ್ಬ ಕೈ ಹೊರಗೆ ಚಾಚಿ ನಿಲ್ಲಿಸು ನಿಲ್ಲಿಸು ಎಂದು ಸನ್ನೆ ಮಾಡುತ್ತಿದ್ದ. ಪಕ್ಕಕ್ಕೆ ತಂದು ಎಂಜಿನ್ ಆರಿಸಿದೆ.

ನನಗೆ ಗಾಬರಿಯಾಗಲಿಲ್ಲ. ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ನೋಡಿದೆ, ತುದಿಯಲ್ಲಷ್ಟೇ ಒದ್ದೆ. ಎಂಜಿನ್ ಆಯಿಲ್ ಉರಿದು ಹೊಗೆಯಾಗಿ ಹೋಗುತ್ತಿದೆ ಎಂದರೆ ಮತ್ತೆ ಸ್ಟಾರ್ಟ್ ಮಾಡಬಾರದು. ಅಷ್ಟು ನನಗೆ ಗೊತ್ತಿತ್ತು. ತಾರೀಖು, ಮೀಟರಿನ ಅಂಕಿ, ನಿಂತ ಜಾಗ ಮೂರನ್ನೂ ದಿನಚರಿಯಲ್ಲಿ ಬರೆದುಕೊಂಡು ದೊಡ್ಡಪ್ಪನಿಗೆ ಫೋನ್ ಮಾಡಿದೆ. ಡೀಸೆಲ್ ಹಾಕಿಸಿದ ದಿನ, ಓಡಿದ ಕಿಲೋಮೀಟರು, ಕೊಟ್ಟ ಸೀರೆ, ಎಲ್ಲವನ್ನೂ ಬರೆದಿಡುವುದು ನನ್ನ ಅಭ್ಯಾಸ. ಕನ್ನಡ ಅಕ್ಷರ ನಾನಾಗಿಯೇ ಕಲಿತದ್ದು. ತಮಿಳುನಾಡಿನಲ್ಲಿದ್ದರೂ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತೇವೆ, ಓದಲು ಮಾತ್ರ ಬೇರೆ ಯಾರಿಗೂ ಬರುವುದಿಲ್ಲ.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ, ನಮ್ಮ ಮನೆಯ ಯಜಮಾನ. ಅಪ್ಪನೂ ಅವರೂ ಒಂದೇ ಹಜಾರದಲ್ಲಿ ಎದುರುಬದುರು ಮಗ್ಗದಲ್ಲಿ ಕೂತು ನೇಯುತ್ತಾರೆ. ನೇಯ್ದದ್ದನ್ನು ಅಂಗಡಿಗಳಿಗೆ ತಲುಪಿಸುವ ಕೆಲಸ ಮೊದಲು ದೊಡ್ಡಪ್ಪನದೇ ಆಗಿತ್ತು. ಆಡಿ, ಅಂದರೆ ಆಷಾಢದ ತಿಂಗಳಲ್ಲಿ ಅವರ ಮೊಣಕಾಲು ಊದಿಕೊಂಡು ಕ್ಲಚ್ ಒತ್ತಲಾಗದೆ ಹೋದಾಗ ಚಾವಿ ನನ್ನ ಕೈಗೆ ಬಂತು. ಕಾಲು ಸರಿಹೋಗುವವರೆಗೆ ಎಂದು ಕೊಟ್ಟರು. ನಾನು ಆ ಕೆಲಸ ನನ್ನದೇ ಎಂದು ತೆಗೆದುಕೊಂಡೆ. ಯಾವ ಅಂಗಡಿಗೆ ಯಾವ ಬಣ್ಣ ಹೋಗುತ್ತದೆ, ವೆಳ್ಳಕೋಯಿಲ್‌ನಲ್ಲಿ ಯಾವ ವಾರ ವ್ಯಾಪಾರ ಸಪ್ಪೆ ಎಂಬುದೆಲ್ಲ ದೀಪಾವಳಿಯ ಹೊತ್ತಿಗೆ ನನಗೆ ಬಾಯಿಪಾಠವಾಗಿತ್ತು.

ಅದಕ್ಕೇ ಫೋನಿನಲ್ಲಿ ಅವರು ಮೊದಲು ಆಡಿದ ಮಾತು ಚುಚ್ಚಿತು.

"ನಾನು ಹೇಳಿದ್ನಲ್ಲ ಅಮ್ಮಣಿ, ನಿನ್ನ ಕಾಲು ಭಾರ. ಮಗ್ಗದ ಹಲಗೆ ತುಳಿದಂಗೆ ತುಳೀತೀಯಾ. ವಂಡಿ ಎಷ್ಟು ಅಂತ ತಡೀತದೆ?"

ನಮ್ಮ ಮನೆಯಲ್ಲಿ ಕಾರನ್ನು ಯಾರೂ ಕಾರು ಎನ್ನುವುದಿಲ್ಲ. ಅದು ವಂಡಿ.

"ಕಾಲಿನ ವಿಷಯ ಆಮೇಲೆ ದೊಡ್ಡಪ್ಪ. ಈಗ ಎಳ್ಕೊಂಡು ಹೋಗೋಕೆ ಆಳು ಕಳಿಸಿ."

ಸಂಜೆ ವಂಡಿ ಪೊಳ್ಳಾಚಿ ರಸ್ತೆಯ ವರ್ಕ್‌ಶಾಪಿಗೆ ಸೇರಿತು. ಮನೆಗೆ ಬಂದಾಗ ದೊಡ್ಡಪ್ಪ ಮಗ್ಗದಿಂದ ಏಳದೆಯೇ ಕೈ ಚಾಚಿದರು. ಚಾವಿ ಕೊಟ್ಟೆ. ಅಂಗಿಯ ಜೇಬಿಗೆ ಹಾಕಿಕೊಂಡು, "ಪಕ್ಕದ ಬೀದಿಯ ಡ್ರೈವರ್ ಹುಡುಗನಿಗೆ ಹೇಳಿದೀನಿ. ವಂಡಿ ಸರಿಯಾದ ಮೇಲೆ ಅವನೇ ಬರ್ತಾನೆ. ನೀನು ಮನೆಯಲ್ಲಿದ್ದು ಆರ್ಡರ್ ನೋಡ್ಕೋ" ಎಂದರು.

ಅವ್ವ ಒಳಗಿನಿಂದ, "ಅವಳೇನು ಬೇಕು ಅಂತ ಕೆಡಿಸಿದ್ಲಾ ಭಾವ?" ಎಂದಳು.

"ಬೇಕು ಅಂತ ಅಲ್ಲ. ಚುಮ್ಮಾ ಕೆಟ್ಟೋಗ್ತದಾ ವಂಡಿ?"

ಆ ಪ್ರಶ್ನೆ ನನ್ನದೂ ಆಗಿತ್ತು. ಸುಮ್ಮಸುಮ್ಮನೆ ಯಾವುದೂ ಕೆಡುವುದಿಲ್ಲ. ಕಾರಣ ಗೊತ್ತಾಗುವವರೆಗೆ ಚಾವಿಯ ವಿಷಯ ಮುಗಿಯಲಿಲ್ಲ ಎಂದುಕೊಂಡು ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ವರ್ಕ್‌ಶಾಪಿಗೆ ಹೋದೆವು. ತನ್ನ ಕಣ್ಣೆದುರೇ ಬಿಚ್ಚಬೇಕೆಂಬುದು ದೊಡ್ಡಪ್ಪನ ಹಟ. ಮೇಸ್ತ್ರಿ ದೊಡ್ಡ ಗಂಟಲಿನ ತಮಿಳು ಮನುಷ್ಯ, ರೇಡಿಯೋ ಕಿರುಚುತ್ತಿದ್ದರೂ ಅದಕ್ಕಿಂತ ಜೋರಾಗಿ, ಮಾತಿನ ಕೊನೆಗೆ ತಮಿಳಿನ ಮರ್ಯಾದೆಯ ‘ಉಂಗ’ ಹಚ್ಚಿ ನಮ್ಮ ಕನ್ನಡ ಮಾತಾಡುವವರು. ಹೊಗೆಯ ಕೊಳವೆ ಬಿಚ್ಚಿ, ಬಸವನಹುಳುವಿನ ಆಕಾರದ ಕಬ್ಬಿಣದ ಗಡ್ಡೆಯೊಂದರೊಳಗೆ ಬೆರಳು ತೂರಿಸಿ ಅಲ್ಲಾಡಿಸಿದರು. ಅದೇ ಟರ್ಬೊ. ಎಂಜಿನ್ ಬಿಡುವ ಹೊಗೆಯ ರಭಸಕ್ಕೆ ಒಂದು ಕಡೆಯ ಫ್ಯಾನು ತಿರುಗಿದರೆ, ಅದೇ ಕಂಬಿಗೆ ಸೇರಿದ ಇನ್ನೊಂದು ಫ್ಯಾನು ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ತುರುಕುತ್ತದೆ. ಆ ಕಂಬಿ ಈಗ ಹಾಲುಹಲ್ಲಿನ ಹಾಗೆ ಅಲುಗುತ್ತಿತ್ತು.

"ಟರ್ಬೊ ಹೋಯ್ತುಂಗ. ಕಾದ ಎಂಜಿನ್ನನ್ನ ಪಟ್ ಅಂತ ಆಫ್ ಮಾಡಿದ್ರೆ ಹಿಂಗೇ. ಡ್ರೈವರ್ ಯಾರು?"

ದೊಡ್ಡಪ್ಪ ಗದ್ದ ಎತ್ತಿ ನನ್ನ ಕಡೆ ತೋರಿಸಿದರು.

"ಓ, ಅಮ್ಮಣಿಯಾ!" ಎಂದು ಮೇಸ್ತ್ರಿ ನಕ್ಕರು. ಆ ನಗುವಿನಲ್ಲಿ ಕೇಸು ಮುಗಿದೇಹೋಗಿತ್ತು.

"ನಿಲ್ಲಿಸೋ ಮುಂಚೆ ಒಂದು ನಿಮಿಷ ಸುಮ್ಮನೆ ಓಡೋಕೆ ಬಿಡ್ತೀನಿ ಅಣ್ಣ. ಆಯಿಲ್ ದೀಪಾವಳಿಗೆ ಮುಂಚೆ ಬದಲಾಯಿಸಿದೆ."

"ಬರೋರೆಲ್ಲ ಹಂಗೇ ಹೇಳ್ತಾರೆ."

"ಹೇಳಲಿ. ನೀವು ಗಾಳಿ ಒಳಗೆ ಹೋಗೋ ದಾರೀನ ಮೊದಲಿಂದ ಬಿಚ್ಚಿ. ಫಿಲ್ಟರ್ ಪೆಟ್ಟಿಗೆ, ಆಮೇಲೆ ಕೊಳವೆ, ಆಮೇಲೆ ಫ್ಯಾನು. ಸಾಲಾಗಿ."

"ಟರ್ಬೊ ಕೈಯಲ್ಲೇ ಅದೆ, ಫಿಲ್ಟರ್ ಯಾಕೆ?"

"ನಮ್ಮ ಮನೇಲಿ ನೂಲು ಹರಿದ್ರೆ, ಹರಿದ ಜಾಗ ನೋಡಲ್ಲ. ಎಲ್ಲಿಂದ ಬಂತು ಅಂತ ಹಿಂದಕ್ಕೆ ನೋಡ್ತೀವಿ."

ಮಗ್ಗದ ಮಾತು ಬಂದ ಕೂಡಲೇ ದೊಡ್ಡಪ್ಪನಿಗೂ ಬೇಡ ಎನ್ನಲಾಗಲಿಲ್ಲ. "ಬಿಚ್ಚಿಬಿಡು ತಂಬಿ. ಅವಳು ಬಿಡೋ ಜಾತಿ ಅಲ್ಲ" ಎಂದರು.

ಮೇಸ್ತ್ರಿ ಗೊಣಗುತ್ತ ಪೆಟ್ಟಿಗೆಯ ಕ್ಲಿಪ್ಪುಗಳನ್ನು ತೆಗೆದರು. ಫಿಲ್ಟರು ಒಂದು ಪಕ್ಕಕ್ಕೆ ಓರೆಯಾಗಿ ಕೂತಿತ್ತು. ಅದರ ರಬ್ಬರಿನ ಅಂಚಿನಲ್ಲಿ ಕಿರುಬೆರಳು ತೂರುವಷ್ಟು ಸಂದು. ಅದರಾಚೆ ಕೊಳವೆಯ ಒಳಮೈಗೆಲ್ಲ ಕೆಂಪು ಧೂಳು. ಮೇಸ್ತ್ರಿ ಟರ್ಬೊದ ಬಾಯಿಗೆ ಟಾರ್ಚ್ ಹಿಡಿದು ಇಕ್ಕಳ ಹಾಕಿ ಎಳೆದಾಗ, ಫ್ಯಾನಿನ ನಡುವಿನ ನಟ್ಟಿಗೆ ಸುತ್ತಿಕೊಂಡಿದ್ದ ಏನೋ ಒಂದು ಉದ್ದಕ್ಕೆ ಬಂತು. ಆಯಿಲಿನಲ್ಲಿ ಅದ್ದಿ ಕಪ್ಪಾಗಿದ್ದರೂ ನಡುನಡುವೆ ಹಳದಿ ಕಾಣುತ್ತಿತ್ತು.

"ಇದೇನುಂಗ, ವಂಡಿಗೆ ತಾಳಿ ಕಟ್ಟಿದ್ರಾ?"

ಇಲ್ಲಿ ನಮ್ಮ ಮನೆಯ ಪದ್ಧತಿಯೊಂದನ್ನು ಹೇಳಬೇಕು. ಆಯುಧಪೂಜೆಗೆ ಎಲ್ಲರೂ ವಂಡಿಗೆ ನಿಂಬೆಹಣ್ಣು ಕಟ್ಟುತ್ತಾರೆ. ನಮ್ಮಲ್ಲಿ ನೂಲು. ಮಗ್ಗಕ್ಕೆ ಏರಿಸಿದ ಹೊಸ ಹಾಸುನೂಲಿನಿಂದ ಒಂದು ಹಿಡಿ ಎಳೆ ತೆಗೆದು ಅವ್ವ ಅರಿಸಿನ ಹಚ್ಚಿ ಒಣಗಿಸುತ್ತಾಳೆ. ದೊಡ್ಡಪ್ಪ ಅದನ್ನು ಲಾಳಿಗೆ, ರಾಟೆಗೆ, ಕತ್ತರಿಗೆ, ಅಡುಗೆಮನೆಯ ಗ್ರೈಂಡರಿಗೆ, ಹೀಗೆ ದುಡಿಯುವ ಪ್ರತಿಯೊಂದಕ್ಕೂ ಕಟ್ಟುತ್ತಾರೆ. ಕೆಲಸ ಎಲ್ಲಿಂದ ಶುರುವಾಗುತ್ತದೋ ಅಲ್ಲಿಯೇ ಕಟ್ಟಬೇಕು. ಕಟ್ಟಿದ ಮೇಲೆ, ಲಾಳಿಯಾಗಲಿ ಕತ್ತರಿಯಾಗಲಿ, ಮುಂದಿನ ಪೂಜೆಯವರೆಗೂ ಕಟ್ಟುವಾಗ ಅದನ್ನು ಹಿಡಿದವರದೇ, ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಅಪ್ಪನೂ ದೊಡ್ಡಪ್ಪನೂ ಇಷ್ಟು ವರ್ಷ ಒಂದೇ ಹಜಾರದಲ್ಲಿ ನೇಯ್ದರೂ ಲಾಳಿಗಾಗಿ ಜಗಳವಾಡಿಲ್ಲದಿರುವುದು ಇದರಿಂದಲೇ ಎನ್ನುತ್ತಾಳೆ ಅವ್ವ. ಈ ಸಲ ದೊಡ್ಡಪ್ಪ ಒಬ್ಬರೇ ಬಾನೆಟ್ ಎತ್ತಿ ಬಗ್ಗಿ ಏನೋ ಕಟ್ಟಿದ್ದು ನನಗೆ ಕಂಡಿತ್ತು. ಎಲ್ಲಿ ಎಂದು ಇಣುಕಿರಲಿಲ್ಲ.

ದೊಡ್ಡಪ್ಪ ಮೇಸ್ತ್ರಿಯ ಇಕ್ಕಳದಿಂದ ನೂಲನ್ನು ಬಿಡಿಸಿಕೊಂಡರು. ಎರಡು ಬೆರಳ ನಡುವೆ ಹೊಸೆದು ಆಯಿಲ್ ಹಿಂಡಿದರು, ಹುರಿ ಬಿಚ್ಚಿದರು, ಬೆಳಕಿಗೆ ಹಿಡಿದರು. ಅಂಗಡಿಯಲ್ಲಿ ಯಾರಾದರೂ ನೂಲು ಕೊಟ್ಟರೆ ನೋಡುವ ಹಾಗೆಯೇ ನೋಡಿದರು.

"ನಮ್ದೇ" ಎಂದರು. "ಫಿಲ್ಟರ್ ಎತ್ತಿ ಧೂಳು ಕೊಡವಿ, ಅದರ ಚೌಕಟ್ಟಿಗೆ ನಾನೇ ಕಟ್ಟಿದ್ದು. ವಂಡಿ ಉಸಿರು ತಗೊಳ್ಳೋದು ಅಲ್ಲಿಂದ ತಾನೇ?"

ಮೇಸ್ತ್ರಿ ಹೊಟ್ಟೆ ಹಿಡಿದು ನಕ್ಕರು. "ಸರಿಯಾಗೇ ಹೇಳಿದ್ರಿ ಅಯ್ಯಾ. ಉಸಿರು ತಗೊಂಡದ್ದು ಅಲ್ಲಿಂದಲೇ, ನಿಂತದ್ದೂ ಅಲ್ಲಿಂದಲೇ. ಗಂಟು ಅಡ್ಡ ಬಂದು ಫಿಲ್ಟರ್ ಕೂತಿಲ್ಲ. ಸಂದಲ್ಲಿ ಧೂಳು ನುಗ್ಗಿ ಫ್ಯಾನಿನ ರೆಕ್ಕೆ ತಿಂದದೆ. ನೂಲಿನ ತುದಿ ಬಿಚ್ಚಿ ಒಳಗೆ ಹೋಗಿ ಸುತ್ಕೊಂಡು, ಕಂಬಿ ತೂಕ ತಪ್ಪಿ ಬೇರಿಂಗ್ ಸವೆದದೆ. ಆಮೇಲೆ ಆಯಿಲ್ ಒಳಕ್ಕೆ." ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಣಿ ಕಾಲು ಹಗುರ ಅಂತ ನಾನೇ ಬರೆದು ಕೊಡ್ತೀನುಂಗ" ಎಂದರು.

ಮರಳಿ ಬರುವ ಬಸ್ಸಿನಲ್ಲಿ ದೊಡ್ಡಪ್ಪ ಟಿಕೆಟ್ಟನ್ನು ಸಣ್ಣಗೆ ಮಡಚಿ ಜೇಬಿಗೆ ಹಾಕಿಕೊಂಡರು.

"ಅಷ್ಟು ಸಣ್ಣ ನೂಲು" ಎಂದರು.

"ಒಂದೆಳೆ ತಪ್ಪಿದ್ರೆ ಇಡೀ ಸೀರೆ ಕೆಟ್ಟಂಗೆ ಅಂತ ನನಗೆ ಬೈಯೋರು ನೀವೇ ಅಲ್ವಾ?"

ಚಾವಿ ಮಾತ್ರ ಅವರ ಜೇಬಿನಲ್ಲೇ ಉಳಿಯಿತು. ತಪ್ಪು ನನ್ನದಲ್ಲ ಎಂದು ತೀರ್ಮಾನವಾಗಿತ್ತು, ಆದರೆ ಡ್ರೈವರಿಗೆ ಕೊಟ್ಟ ಮಾತು ಹಾಗೆಯೇ ಇತ್ತು. ಯಜಮಾನರು ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕಾದರೆ ಅವರಿಗೊಂದು ದಾರಿ ಬೇಕು. ನಾನೂ ಕೇಳದೆ ಕಾದೆ.

ಶುಕ್ರವಾರ ಟರ್ಬೊವನ್ನು ಹಳದಿ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಕೊಯಮತ್ತೂರಿಗೆ ಹೋದೆ. ಒಳಗಿನ ಕಂಬಿ, ಫ್ಯಾನು, ಬೇರಿಂಗುಗಳನ್ನು ಒಟ್ಟಾಗಿ ಬದಲಾಯಿಸಿ ತೂಕ ಸರಿಹೊಂದಿಸುವವರು ಅಲ್ಲಿದ್ದಾರೆ. ಬಸ್ಸಿನಲ್ಲಿ ಚೀಲ ತೊಡೆಯ ಮೇಲಿತ್ತು. "ಏನಮ್ಮಣಿ, ಹಲಸಿನಹಣ್ಣಾ?" ಎಂದ ಕಂಡಕ್ಟರ್ ಎತ್ತಲು ಹೋಗಿ, ಭಾರಕ್ಕೆ ಬೆಚ್ಚಿ ಕೈಬಿಟ್ಟ. ಸೋಮವಾರ ಅದೇ ಚೀಲದಲ್ಲಿ ವಾಪಸು ತಂದೆ. ಹೊಸ ಕಂಬಿ ಬೆರಳು ತಾಗಿಸಿದರೆ ಸದ್ದಿಲ್ಲದೆ ತಿರುಗುತ್ತಿತ್ತು, ಬದಿಗೆ ಒಂದಿಷ್ಟೂ ಅಲುಗುತ್ತಿರಲಿಲ್ಲ.

ಬುಧವಾರ ಮೇಸ್ತ್ರಿ ಅದನ್ನು ಕೂರಿಸಿದರು. ಹಳೆಯ ಆಯಿಲ್ ಇಳಿಸಿ, ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಕೊಳವೆ ತೊಳೆದು, ಹೊಸ ಫಿಲ್ಟರ್ ಹಾಕಿದರು. ಎಲ್ಲವನ್ನೂ ಪಕ್ಕದಲ್ಲಿ ನಿಂತು ನೋಡಿದೆ. ಟರ್ಬೊದ ಬಾಯಿಗೆ ಆಯಿಲ್ ಹನಿಸಿ ಬೆರಳಿನಿಂದ ತಿರುಗಿಸುವ ಕೆಲಸ ನನಗೇ ಕೊಟ್ಟರು. ಎಂಜಿನ್ ಹತ್ತಿದಾಗ ಹೊಗೆಯಿಲ್ಲ, ಸೀಟಿಯಿಲ್ಲ.

ದೊಡ್ಡಪ್ಪ ಸೊಂಟದ ಮಡಿಕೆಯಿಂದ ಹೊಸ ಅರಿಸಿನದ ನೂಲು ತೆಗೆದರು. ಪೂಜೆಯ ನೂಲು ನಡುವೆ ಹರಿದರೆ ಮತ್ತೆ ಕಟ್ಟದೆ ಆ ಸಾಧನವನ್ನು ಬಳಸುವುದಿಲ್ಲ. ಅದನ್ನು ಅವರು ಬಿಡುವವರಲ್ಲ ಎಂದು ನನಗೆ ಗೊತ್ತಿತ್ತು. ವಾರವಿಡೀ ನಾನು ಕಾದದ್ದು ಇದಕ್ಕೇ.

"ಅಯ್ಯಾ, ಬಾನೆಟ್ ಹತ್ರ ಬರಬೇಡಿ!" ಎಂದು ಮೇಸ್ತ್ರಿ ಕೈ ಅಡ್ಡ ಹಿಡಿದರು.

"ಸ್ಟೀರಿಂಗಿಗೆ ಕಟ್ಲಾ?" ದೊಡ್ಡಪ್ಪ ನನ್ನನ್ನು ಕೇಳಿದರು.

"ಕೈಗೆ ತೊಡರ್ತದೆ."

"ಕನ್ನಡಿಗೆ?"

"ಕನ್ನಡಿಯಿಂದ ಏನು ಕೆಲಸ ಶುರುವಾಗ್ತದೆ ದೊಡ್ಡಪ್ಪ? ಶುರುವಾಗೋ ಜಾಗದಲ್ಲಿ ತಾನೇ ಕಟ್ಟಬೇಕು?"

"ಹಂಗಾದ್ರೆ ಎಲ್ಲಿಂದ ಶುರು, ನೀನೇ ಹೇಳು."

"ಚಾವಿಯಿಂದ."

ಅವರ ಕೈ ಜೇಬಿಗೆ ಹೋಗಿ ಅಲ್ಲೇ ನಿಂತಿತು. ಚಾವಿ ತೆಗೆದು ಅಂಗೈಯಲ್ಲಿಟ್ಟುಕೊಂಡು ನನ್ನ ಮುಖ ನೋಡಿದರು. ನಾನೂ ನೋಡಿದೆ.

"ಹಿಡ್ಕೋ" ಎಂದರು. "ಕಟ್ಟೋವಾಗ ಯಾರಾದ್ರೂ ಹಿಡ್ಕೋಬೇಕಲ್ಲ."

ಹಿಡಿದುಕೊಂಡೆ. ಚಾವಿಯ ತೂತಿಗೆ ನೂಲು ಪೋಣಿಸಿ, ಬಿಚ್ಚದ ಹಾಗೆ ಗಂಟು ಹಾಕಿ, ತುದಿಗಳನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದರು. ತುಂಡುಗಳನ್ನು ಕೆಳಗೆ ಬಿಡದೆ ಜೇಬಿಗೆ ಹಾಕಿಕೊಂಡರು.

"ಕಳ್ಳಿ" ಎಂದರು ನಗು ತಡೆಯುತ್ತ. ಆಮೇಲೆ ಫೋನ್ ತೆಗೆದು ಪಕ್ಕದ ಬೀದಿಯ ಹುಡುಗನಿಗೆ, "ನೀನು ಬರೋದು ಬೇಡಪ್ಪ. ಚಾವಿಗೆ ನೂಲು ಕಟ್ಟಾಯ್ತು, ಇನ್ನು ಪೂಜೆವರೆಗೂ ಕೈ ಬದಲಾಯಿಸೋ ಹಾಗಿಲ್ಲ" ಎಂದರು. ಬೇರೆ ಕಾರಣ ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ವೆಳ್ಳಕೋಯಿಲ್‌ನ ಕಟ್ಟುಗಳನ್ನು ಹಿಂದೆ ಹೇರಿ ಹೊರಟೆ. ದೊಡ್ಡಪ್ಪ ಮಗ್ಗದಿಂದಲೇ "ಮೆಲ್ಲಗೆ ತುಳಿ" ಎಂದು ಕೂಗಿದರು. ಕಾಂಗೇಯಂ ದಾಟಿದ ಮೇಲೆ ರಸ್ತೆ ಬಿಡುವಾಗಿತ್ತು. ಎದುರಿಗೆ ಏರು ಬಂದಾಗ ಕಾಲು ಒತ್ತಿದೆ, ವಂಡಿ ಸದ್ದಿಲ್ಲದೆ ಏರಿತು. ಚಾವಿಯ ಕೆಳಗೆ ಹಳದಿ ನೂಲಿನ ಗಂಟು ಅಲ್ಲಾಡುತ್ತಿತ್ತು.